ಬಿಕ್ಕಳಿಕೆ ನಿಂತ ಹೊತ್ತು

ನಮ್ಮ ಮುಖ್ಯ ಎಂಜಿನಿಯರ್ ರೌನಿ ಆ ಯಂತ್ರದ ಮೊದಲ ನಕ್ಷೆಯನ್ನು ನನ್ನ ಮೇಜಿನ ಮೇಲೆ ಹಾಸಿದ ದಿನ ನಾನು ನಕ್ಕುಬಿಟ್ಟೆ.

"ಏನಿದು ರೌನಿ, ಫ್ರಿಜ್ಜಾ, ಕುದುರೆ ಬಾಲಾನಾ?"

"ತಂತಿ ಎಣಿಸೋಕೆ ಹೋಗಬೇಡ ಸೈಮಿ. ಎಣಿಸಿದ್ರೆ ರಾಜೀನಾಮೆ ಕೊಟ್ಟು ಹೋಗ್ತೀಯ."

ಉತ್ತರದ ನಮ್ಮ ಹಿಮದ ದೇಶದಲ್ಲಿ, ಓಟಾನಿಯೆಮಿ ಎಂಬ ಊರಿನ ಕೊಲ್ಲಿಯ ದಡದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಫ್ರಿಜ್ಜುಗಳೇ. ಆದರೆ ಹಾಲು ಬೆಣ್ಣೆ ಇಡುವವಲ್ಲ. ಇದಕ್ಕಿಂತ ಕೆಳಗೆ ಚಳಿಯೆಂಬುದೇ ಇಲ್ಲ ಎನ್ನುವ ಒಂದು ತಳವಿದೆಯಲ್ಲ, ಆ ತಳಕ್ಕೆ ಕೂದಲೆಳೆಯಷ್ಟು ಮೇಲೆ ಹೋಗಿ ನಿಲ್ಲುವ ಯಂತ್ರಗಳು. ಒಂದು ಡಿಗ್ರಿಯನ್ನು ಸಾವಿರ ಚೂರು ಮಾಡಿ, ತಳದಿಂದ ಎಷ್ಟು ಚೂರು ಮೇಲಿದ್ದೇವೆ ಎಂದು ನಾವು ಮಾತಾಡಿಕೊಳ್ಳುತ್ತೇವೆ. ಕ್ವಾಂಟಮ್ ಕಂಪ್ಯೂಟರಿನ ಚಿಪ್ ಬುದ್ಧಿ ನೆಟ್ಟಗಿಟ್ಟುಕೊಂಡು ಕೆಲಸ ಮಾಡುವುದು ಅಲ್ಲಿ ಮಾತ್ರ. ಹತ್ತು ಚೂರು ದಾಟಿತೋ, ಅದಕ್ಕೆ ಮರೆವು ಹತ್ತುತ್ತದೆ. ಹೇಳಿದ್ದನ್ನು ಹೇಳಿದ ಕ್ಷಣವೇ ಮರೆಯುತ್ತದೆ.

ತೊಂದರೆ ಏನೆಂದರೆ, ಆ ಚಿಪ್ಪಿನ ಜೊತೆ ಮಾತಾಡಬೇಕಾದರೆ ತಂತಿ ಬೇಕು. ತಂತಿಯ ಒಂದು ತುದಿ ನಾವು ಅಂಗಿ ತೋಳು ಮಡಚಿ ನಿಂತಿರುವ ಕೋಣೆಯಲ್ಲಿ, ಇನ್ನೊಂದು ತುದಿ ಆ ಘೋರ ಚಳಿಯಲ್ಲಿ. ಪ್ರತಿಯೊಂದು ತಂತಿಯೂ ಮೇಲಿನ ಬಿಸಿಯನ್ನು ಕಳ್ಳನ ಹಾಗೆ ಕೆಳಗೆ ಇಳಿಸುತ್ತದೆ. ಅದುವರೆಗೆ ನಾವು ಕಟ್ಟಿದ ಯಂತ್ರಗಳಲ್ಲಿ ನೂರಿನ್ನೂರು ತಂತಿ ಇರುತ್ತಿದ್ದವು. ರೌನಿಯ ನಕ್ಷೆಯಲ್ಲಿ ಸಾವಿರಕ್ಕೂ ಮಿಕ್ಕಿ ಇದ್ದವು.

ಅಷ್ಟು ತಂತಿ ಕೇಳಿದವಳು ಕೈಸಾ. ರಸ್ತೆಯಾಚೆಯ ಕಟ್ಟಡದಲ್ಲಿ ಕಂಪ್ಯೂಟರ್ ತಂಡದ ಮುಖ್ಯಸ್ಥೆ. ದೇಶದ ಹಣದಲ್ಲಿ, ದೇಶದ ಜನರಿಂದಲೇ, ಇಲ್ಲೇ ತಯಾರಾಗುವ ದೊಡ್ಡ ಕಂಪ್ಯೂಟರ್ ಅದು. ಕೈಸಾ ಮೊದಲು ಹೊರದೇಶದಲ್ಲೇ ವಿಚಾರಿಸಿದ್ದಳು. ಸಮ್ಮೇಳನವೊಂದರಲ್ಲಿ ಪರದೇಶದ ತಜ್ಞನೊಬ್ಬ ಎಲ್ಲರೆದುರಿಗೆ, "ಸಾವಿರ ತಂತಿ, ಒಂದೇ ಯಂತ್ರ? ಅದನ್ನ ನಿಮ್ಮ ಆವಿಸ್ನಾನದ ಸೌನಾದಲ್ಲಿಟ್ಟು ತಣ್ಣಗೆ ಮಾಡ್ತೀರೇನು?" ಎಂದನಂತೆ. ಸಭೆ ನಕ್ಕಿತಂತೆ. ಕೈಸಾ ಅಲ್ಲಿಂದ ವಿಮಾನವಿಳಿದವಳೇ ಮನೆಗೂ ಹೋಗದೆ ಪೆಟ್ಟಿಗೆ ಎಳೆದುಕೊಂಡು ನಮ್ಮಲ್ಲಿಗೆ ಬಂದಳು. ರೌನಿ ಕಾಫಿ ಬಗ್ಗಿಸಿ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, "ಆಗುತ್ತೆ," ಎಂದಳು. ಅಷ್ಟೇ. ರೌನಿ "ಆಗುತ್ತೆ" ಎಂದರೆ ಅದು ಬೇರೆಯವರು ಬರೆದು ಮೊಹರು ಹಾಕಿ ಕೊಟ್ಟ ಹಾಗೆ.

ಇನ್ನು ಆರ್ಮಸ್ ವಿಷಯ ಹೇಳಬೇಕು.

ಆರ್ಮಸ್ ರೌನಿಯ ಪ್ರೊಫೆಸರ್. ಎಂಬತ್ತು ದಾಟಿದವರು. ದೇಶದಲ್ಲಿ ಇಂಥ ಚಳಿಯನ್ನು ಮೊದಮೊದಲು ಮುಟ್ಟಿದ ಕೈಗಳಲ್ಲಿ ಅವರದೂ ಒಂದು. ಅವರ ಕಾಲದಲ್ಲಿ ದೊಡ್ಡ ಹಂಡೆಗಳಲ್ಲಿ ದ್ರವ ಹೀಲಿಯಂ ತಂದು, ಯಂತ್ರಕ್ಕೆ ಸುರಿದು, ಅದು ಆವಿಯಾಗಿ ಮುಗಿಯುವ ಮುಂಚೆ ಮತ್ತೆ ಸುರಿದು ತಂಪು ಮಾಡುತ್ತಿದ್ದರು. ರೌನಿ ಅವರ ಪ್ರಯೋಗಾಲಯ ಬಿಟ್ಟು ಬಂದು, ಸುರಿಯುವ ರಗಳೆಯೇ ಇಲ್ಲದೆ, ಹೀಲಿಯಂ ಅನಿಲವನ್ನು ಒತ್ತಿ ಒತ್ತಿ ಬಿಟ್ಟು ತಂಪು ಮಾಡುವ ಪಂಪನ್ನು ಯಂತ್ರದ ನೆತ್ತಿಯ ಮೇಲೆ ಕೂರಿಸಿದಳು. ಆ ಪಂಪು ಹಗಲೂ ರಾತ್ರಿ "ಚಿಸ್... ಚಿಸ್..." ಎನ್ನುತ್ತಿರುತ್ತದೆ. ಆರ್ಮಸ್ ಅದಕ್ಕೆ ಬಿಕ್ಕಳಿಕೆ ಎಂದು ಹೆಸರಿಟ್ಟರು. ಒಂದಷ್ಟು ಕಾಲ ರೌನಿಯ ಜೊತೆ ಮಾತೂ ಬಿಟ್ಟಿದ್ದರು. ಆಮೇಲೆ ಒಂದು ಗುರುವಾರ, ನಮ್ಮ ಊಟದ ಕೋಣೆಯಲ್ಲಿ ಬಟಾಣಿ ಸೂಪು ಚೆನ್ನಾಗಿರುತ್ತದೆಂದು ಯಾರೋ ಹೇಳಿದರೆಂಬ ನೆಪ ಹಿಡಿದು ಬಂದರು. ಅಲ್ಲಿಂದ ಪ್ರತಿ ಗುರುವಾರವೂ ಬಂದರು. ಸೂಪು, ಮೇಲೆ ಪ್ಯಾನ್‌ಕೇಕು ತಿಂದು, ಕಾರ್ಖಾನೆಗೆಲ್ಲ ಒಂದು ಸುತ್ತು ಹಾಕಿ, ಎಲ್ಲದರಲ್ಲೂ ಒಂದು ತಪ್ಪು ಹುಡುಕಿ ಹೋಗುತ್ತಿದ್ದರು.

"ಏನು ಹುಡುಗಿ, ನಿನ್ನ ಬಿಕ್ಕಳಿಕೆಗೆ ಒಂದು ಲೋಟ ನೀರು ಕುಡಿಸಿದ್ಯಾ?" ಎಂದು ಅವರು ಕೇಳುವುದು. ಹುಡುಗಿಗೆ ಆಗ ಐವತ್ತಾರು.

"ನೀನು ಮೊದಲು ಸೂಪು ಕುಡಿ ಆರ್ಮಸ್, ತಣ್ಣಗಾಗ್ತಿದೆ," ಎಂದು ರೌನಿ ಹೇಳುವುದು. ನಮ್ಮಲ್ಲಿ ಪ್ರೊಫೆಸರಿಗೂ, ಮಂತ್ರಿಗೂ, ಕಸ ಗುಡಿಸುವವನಿಗೂ ಹೆಸರು, ಏಕವಚನ.

ಆ ಸಾವಿರ ತಂತಿಯ ಯಂತ್ರವನ್ನು ಜೋಡಿಸಲು ಬೇಸಗೆಯಿಂದ ಕ್ರಿಸ್‌ಮಸ್‌ವರೆಗೆ ಹಿಡಿಯಿತು. ಜೋಡಣೆ ವಿಭಾಗ ನನ್ನದು. ಚಿನ್ನದ ಲೇಪ ಕೊಟ್ಟ ತಾಮ್ರದ ತಟ್ಟೆಗಳು ಒಂದರ ಕೆಳಗೊಂದು ತೂಗುತ್ತವೆ. ಕೆಳಗಿಳಿದಷ್ಟೂ ಚಳಿ ಜಾಸ್ತಿ. ಪ್ರತಿ ತಂತಿಯನ್ನೂ ಪ್ರತಿ ತಟ್ಟೆಯಲ್ಲೂ ಬಿಗಿದು, ಅದು ಹೊತ್ತು ತಂದ ಬಿಸಿಯನ್ನು ಅಲ್ಲಲ್ಲೇ ಕಸಿದುಕೊಳ್ಳಬೇಕು. ನನ್ನ ಜನ ಕೈಗವಸು ಹಾಕಿಕೊಂಡು, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು, ಹೊಸ ವರ್ಷಕ್ಕೆ ಮೊದಲು ಕೊನೆಯ ತಿರುಪು ಬಿಗಿದರು. ತಳದಲ್ಲಿ ಕೈಸಾಳ ಚಿಪ್ ಕೂತಿತು. ಡಬ್ಬಿ ಮುಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಜನವರಿಯಲ್ಲಿ ಪಂಪು ಶುರು ಮಾಡಿದೆವು.

ತಾಪ ಇಳಿಯಿತು. ದಿನವಿಡೀ ಇಳಿಯಿತು, ಮರುದಿನವೂ ಇಳಿಯಿತು. ಒಂದು ಡಿಗ್ರಿಯ ಕೆಳಗೆ ಬಂತು, ನೂರು ಚೂರಿಗೆ ಬಂತು, ಐವತ್ತಕ್ಕೆ ಬಂತು. ನಲವತ್ತರಲ್ಲಿ ನಿಂತುಬಿಟ್ಟಿತು.

ನಿಂತದ್ದು ನಿಂತೇ ಬಿಟ್ಟಿತು. ಕೈಸಾ ಬೆಳಿಗ್ಗೆ ಬರುವಳು, ಪರದೆಯ ಮೇಲಿನ ಸಂಖ್ಯೆ ನೋಡುವಳು, ಟೊಪ್ಪಿಯನ್ನೂ ತೆಗೆಯದೆ ಹೋಗುವಳು. ನಲವತ್ತರಲ್ಲಿ ಅವಳ ಚಿಪ್ ಕುಡುಕನಿಗಿಂತ ಕಡೆ.

ಆ ಗುರುವಾರ ಆರ್ಮಸ್ ಸೂಪನ್ನು ಅರ್ಧಕ್ಕೇ ಬಿಟ್ಟು ಬಂದು ಯಂತ್ರದ ಮುಂದೆ ನಿಂತರು.

"ಸೋರ್ತಿದೆ," ಎಂದರು.

"ಸೋರಿಕೆ ನೋಡೋ ಯಂತ್ರ ಹಚ್ಚಿದ್ವಿ. ಏನೂ ಇಲ್ಲ," ಎಂದಳು ರೌನಿ.

"ಬೆಚ್ಚಗಿದ್ದಾಗ ಸೋರದ ಬಿರುಕು ಈ ಚಳೀಲಿ ಸೋರುತ್ತೆ. ಅಷ್ಟು ತಣ್ಣಗಾದ ಹೀಲಿಯಂ ಯಾವ ಸಂದೀಲಿ ಬೇಕಾದ್ರೂ ನುಸುಳಿ ಬಿಸಿ ಹೊತ್ತು ತರುತ್ತೆ. ನಾನೇ ನಿಂಗೆ ಪಾಠ ಮಾಡಿದ್ದಲ್ವಾ? ಮರೆತ್ಯಾ?"

"ಮರೆತಿಲ್ಲ."

"ಮತ್ತೆ? ಬಿಚ್ಚು. ಒಂದೊಂದು ಬೆಸುಗೆಯೂ ನೋಡು."

ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಇಂಥ ಕಾಯಿಲೆಗಳನ್ನು ಜೀವಮಾನವಿಡೀ ನೋಡಿದವರು. ರೌನಿ ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ. ಯಂತ್ರವನ್ನು ನಿಧಾನವಾಗಿ ಬೆಚ್ಚಗಾಗಲು ಬಿಟ್ಟು, ಬಿಚ್ಚಿ, ಪ್ರತಿ ಬೆಸುಗೆಯನ್ನೂ ಪರೀಕ್ಷಿಸಿದೆವು. ಅನುಮಾನ ಬಂದ ಕಡೆ ಹೊಸದಾಗಿ ಬೆಸೆದೆವು. ಮತ್ತೆ ಮುಚ್ಚಿ, ಮತ್ತೆ ಗಾಳಿ ಹೀರಿ, ಮತ್ತೆ ಇಳಿಸಿದೆವು. ಫೆಬ್ರುವರಿ ಬಂತು. ಮತ್ತೆ ನಲವತ್ತಕ್ಕೇ ಬಂದು ನಿಂತಿತು.

ಈ ನಡುವೆ ಯಂತ್ರ ನೋಡಲು ಸಚಿವಾಲಯದಿಂದ ಬರುವವರ ದಿನ ಗೊತ್ತಾಯಿತು. ಸೌನಾದ ಮಾತಾಡಿದ ಆ ತಜ್ಞನೂ ಅವರ ಜೊತೆ ಬರುವನಂತೆ. ಕೈಸಾ ಒಂದು ಮಧ್ಯಾಹ್ನ ರೌನಿಯ ಎದುರು ಕೂತು, ಕೈಯಲ್ಲಿದ್ದ ಕಾಫಿ ಕುಡಿಯದೆ, "ಅರ್ಧ ತಂತಿ ತೆಗೆದುಬಿಡೋಣ," ಎಂದಳು. "ಸಣ್ಣ ಕಂಪ್ಯೂಟರ್ ಆಗುತ್ತೆ. ಆದ್ರೂ ಏನೋ ಒಂದು ಆಗುತ್ತಲ್ಲ."

"ಅರ್ಧ ತೆಗೆದ್ರೆ ಅವನು ಹೇಳಿದ್ದು ನಿಜ ಆಗುತ್ತೆ."

"ನಿನ್ನ ಹಠಕ್ಕೆ ನನ್ನ ಚಿಪ್ ಬಲಿ ಕೊಡಬೇಡ ರೌನಿ."

"ನಿನ್ನ ಚಿಪ್ಪಿಗೋಸ್ಕರಾನೇ ಹಠ. ಗುರುವಾರದವರೆಗೆ ಟೈಮ್ ಕೊಡು."

ಆವತ್ತು ಸಂಜೆ ನಾನೂ ರೌನಿಯೂ ದಡದ ಹೆಂಗಸರ ಸೌನಾಕ್ಕೆ ಹೋದೆವು. ಅವಳು ಮೇಲಿನ ಹಲಗೆಯ ಮೇಲೆ ಕೂತು ಕಾದ ಕಲ್ಲಿಗೆ ನೀರೆರಚಿದಳು, ಆವಿ ಇಳಿದು ಮೈ ಸುಟ್ಟಿತು. ಹೊರಗೆ ಬಂದು ಮಂಜುಗಡ್ಡೆ ಕೊರೆದ ತೂತಿನಲ್ಲಿ ಕುತ್ತಿಗೆಯವರೆಗೆ ಮುಳುಗಿದೆವು. ನನಗೆ ಒಂದೇ ಉಸಿರು ಸಾಕಾಯಿತು. ಮೆಟ್ಟಿಲೇರಿ ಟವಲು ಸುತ್ತಿಕೊಂಡು ನೋಡಿದರೆ ಅವಳು ಇನ್ನೂ ನೀರಿನಲ್ಲೇ ಇದ್ದಳು.

"ಏಯ್, ಹೊರಗೆ ಬಾರೇ! ನಿನ್ನನ್ನ ಕೊರೆದು ತೆಗೀಬೇಕಾಗುತ್ತೆ!"

"ಸೈಮಿ, ಬಿಸಿ ಮೇಲಿಂದ ಇಳೀತಿಲ್ಲ," ಎಂದಳು ಹಲ್ಲು ಕಟಕಟಿಸುತ್ತ. "ಮೇಲಿಂದ ಇಳಿದಿದ್ರೆ ನಡುವಿನ ತಟ್ಟೆಗಳೂ ಬೆಚ್ಚಗಿರಬೇಕಿತ್ತು. ಅವೆಲ್ಲ ಸರಿಯಾಗೇ ಇವೆ. ಬಿಸಿ ಅಲ್ಲೇ ಹುಟ್ತಾ ಇದೆ. ತಳದಲ್ಲೇ."

"ಅಲ್ಲಿ ಬೆಂಕಿ ಹಚ್ಚೋರು ಯಾರಿದಾರೆ?"

"ಬಿಕ್ಕಳಿಕೆ," ಎಂದಳು. "ಪಂಪು ಮಿಡಿದ ಹಾಗೆಲ್ಲ ಯಂತ್ರ ನಡುಗುತ್ತೆ. ನಡುಗಿದಾಗ ಸಾವಿರ ತಂತಿ ಒಂದಕ್ಕೊಂದು ಉಜ್ಜಿಕೊಳ್ತಿವೆ. ನಮ್ಮ ಹಳೇ ಯಂತ್ರಗಳಲ್ಲಿ ತಂತಿ ಕಡಿಮೆ, ಗೊತ್ತಾಗ್ತಿರಲಿಲ್ಲ. ಅಂಗೈ ಉಜ್ಜಿದ್ರೆ ಬೆಚ್ಚಗಾಗಲ್ವಾ, ಹಾಗೆ."

"ಅದು ನಿಜ ಅಂತ ಹೇಗೆ ಗೊತ್ತಾಗುತ್ತೆ?"

ಅವಳು ಮೆಟ್ಟಿಲು ಹಿಡಿದು ಮೇಲೆ ಬಂದಳು. ಮೈ ಸೀಗಡಿಯಂತೆ ಕೆಂಪಾಗಿತ್ತು. "ಪಂಪು ನಿಲ್ಲಿಸಿ ನೋಡ್ತೀನಿ," ಎಂದಳು.

ಗುರುವಾರ ಬೆಳಿಗ್ಗೆ ಈ ಸುದ್ದಿ ಕಾರ್ಖಾನೆಯಲ್ಲೆಲ್ಲ ಹಬ್ಬಿತ್ತು. ಊಟದ ಹೊತ್ತಿಗೆ ಯಂತ್ರದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರ್ಮಸ್ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಏನೇ ಇದು? ತಣ್ಣಗೆ ಮಾಡಬೇಕು ಅಂತ ತಣ್ಣಗೆ ಮಾಡೋ ಪಂಪನ್ನೇ ನಿಲ್ಲಿಸ್ತೀಯಾ?"

"ಸ್ವಲ್ಪ ಹೊತ್ತು."

"ಮೇಲಿನ ತಟ್ಟೆ ಬಿಸಿಯಾಗುತ್ತೆ. ಒಳಗಿನ ಹೀಲಿಯಂ ಉಬ್ಬುತ್ತೆ. ಅದು ಎಂಥ ಅಪರೂಪದ ಹೀಲಿಯಂ ಅಂತ ನಿಂಗೆ ಹೇಳಿಕೊಡಬೇಕಾ? ಒಂದು ಉಸಿರಿನಷ್ಟು ಹೊರಗೆ ಹೋದ್ರೂ ಮತ್ತೆ ಸಿಗಲ್ಲ."

"ಮೇಲಿನ ತಟ್ಟೆ ನಿಧಾನಕ್ಕೆ ಬಿಸಿಯಾಗುತ್ತೆ. ತಳ ತಂಪು ಮಾಡೋ ಒಳಗಿನ ಹೀಲಿಯಂ ಅಲ್ಲೀವರೆಗೆ ಓಡ್ತಾನೇ ಇರುತ್ತೆ. ನಡುಕ ಮಾತ್ರ ತಕ್ಷಣ ನಿಲ್ಲುತ್ತೆ. ನನಗೆ ಆ ನಡುವಿನ ಹೊತ್ತು ಸಾಕು."

"ಸೋರಿಕೆ ಅಂತ ಹೇಳ್ತಾ ಇದೀನಿ ನಾನು!"

"ನೀನು ಹೇಳಿದ್ದನ್ನ ಮಾಡಿದ್ವಿ ಆರ್ಮಸ್." ಅವಳ ದನಿ ಏರಲಿಲ್ಲ. "ಪ್ರತಿ ಬೆಸುಗೆಯನ್ನೂ ನೋಡಿದ್ವಿ. ಈಗ ನಾನು ಹೇಳಿದ್ದನ್ನ ಮಾಡ್ತೀನಿ. ಇದು ನನ್ನ ಯಂತ್ರ."

ಆರ್ಮಸ್‌ಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವರ ಗಲ್ಲದ ಮೇಲೆ ರಕ್ತ ಏರಿದ್ದು ಕಂಡಿತು. ಹೊರಟುಬಿಡುತ್ತಾರೆ ಎಂದುಕೊಂಡೆ. ಹೊರಡಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಊರಿ ಪರದೆಯ ಪಕ್ಕದಲ್ಲೇ ನಿಂತರು.

ರೌನಿ ಕೈಸಾಳ ಕಡೆ ತಿರುಗಿದಳು. "ಒಳಗಿರೋದು ನಿನ್ನ ಚಿಪ್. ಬೇಡ ಅಂದ್ರೆ ನಿಲ್ಲಿಸಲ್ಲ."

ಕೈಸಾ ಟೊಪ್ಪಿ ತೆಗೆದು ಜೇಬಿಗೆ ತುರುಕಿದಳು. "ನಿಲ್ಲಿಸು," ಎಂದಳು.

ರೌನಿ ಗುಂಡಿ ಒತ್ತಿದಳು.

ವರ್ಷಗಳಿಂದ ಕೇಳಿ ಕೇಳಿ ನಮಗೆ ಕೇಳಿಸದೇ ಹೋಗಿದ್ದ ಆ ಸದ್ದು ನಿಂತಾಗ ಕಿವಿಗೆ ಏನೋ ಹೊಡೆದಂತಾಯಿತು. ಹೊರಗೆ ದಾರಿಯ ಮೇಲೆ ಹಿಮ ಗೋರುವವನ ಸಲಿಕೆ ಕೇಳಿಸಿತು. ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ನಲವತ್ತು. ನಲವತ್ತು. ಆಮೇಲೆ ಮೂವತ್ತೆಂಟು. ಮೂವತ್ತೈದು. ಯಾರೋ ಹಿಂದಿನಿಂದ ಮೆಲ್ಲಗೆ ಬೈದರು, ಖುಷಿಯಲ್ಲಿ ಬೈಯುವ ಹಾಗೆ. ಇಪ್ಪತ್ತೆಂಟು. ಸಂಖ್ಯೆ ಮೆಟ್ಟಿಲಿಳಿಯುವ ಮಗುವಿನಂತೆ ಒಂದೊಂದೇ ಹೆಜ್ಜೆ ಇಟ್ಟು ಇಳಿಯಿತು. ಇಪ್ಪತ್ತು. ಹದಿನಾರು. ಹದಿಮೂರು. ತಂಪು ಮಾಡುವ ಪಂಪು ಸತ್ತಿದೆ, ಯಂತ್ರ ಹಿಂದೆಂದೂ ಇಲ್ಲದಷ್ಟು ತಂಪಾಗುತ್ತಿದೆ.

"ಮೇಲಿನ ತಟ್ಟೆ ಬಿಸಿಯಾಗ್ತಿದೆ," ಎಂದೆ ನಾನು.

"ನೋಡಿದೆ," ಎಂದು ರೌನಿ ಮತ್ತೆ ಗುಂಡಿ ಒತ್ತಿದಳು. "ಚಿಸ್..." ಎಂದಿತು ಪಂಪು. ಸಂಖ್ಯೆ ಅಲ್ಲಿಂದಲೇ ಹಿಂದೆ ಹತ್ತತೊಡಗಿ ನಲವತ್ತಕ್ಕೆ ಹೋಗಿ ಕೂತಿತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮಗೆ ಅದೆಲ್ಲ ಬರುವುದಿಲ್ಲ. ಆದರೆ ಎಲ್ಲರೂ ಆರ್ಮಸ್‌ರನ್ನು ನೋಡುತ್ತಿದ್ದರು. ಅವರು ಪರದೆ ಬಿಟ್ಟು ನಮ್ಮ ಕಡೆ ತಿರುಗಿದರು.

"ನಾನು ಹೇಳಿದ್ದು ತಪ್ಪು," ಎಂದರು ಗಟ್ಟಿಯಾಗಿ, ಹಿಂದಿದ್ದವರಿಗೂ ಕೇಳುವಂತೆ. "ಅವಳು ಹೇಳಿದ್ದು ಸರಿ. ಎಲ್ರೂ ಕೇಳಿಸಿಕೊಂಡ್ರಾ? ಇನ್ನೊಂದು ಸಲ ಹೇಳಲ್ಲ."

ರೌನಿ ನಕ್ಕಳು. "ಸೂಪು ಕುಡಿದ್ಯಾ ಆರ್ಮಸ್?"

"ಸೂಪು ಹಾಳಾಗ್ಲಿ. ತಂತಿ ಹೇಗೆ ಕಟ್ತೀಯ ಹೇಳು."

ಅದೇ ಈಗಿನ ಪ್ರಶ್ನೆ. ಸಾವಿರ ತಂತಿ ಅಲುಗದಂತೆ ಕಟ್ಟಬೇಕು. ಕಟ್ಟುವ ವಸ್ತು ಆ ಚಳಿಯಲ್ಲಿ ಮುರಿಯಬಾರದು, ಅನಿಲ ಬಿಡಬಾರದು, ಬಿಸಿ ದಾಟಿಸಬಾರದು. ಇದಕ್ಕೆ ನಮ್ಮಂಥ ಕಡೆ ಹಿಂದಿನಿಂದಲೂ ಬಳಸುವುದು ಹಲ್ಲಿನ ಸಂದಿ ಉಜ್ಜುವ ದಾರ. ಮೇಣ ಸವರದ, ಪುದೀನದ ವಾಸನೆ ಹಾಕದ ದಾರ. ನಾನು ಹತ್ತಿರದ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ ಇದ್ದಬದ್ದದ್ದನ್ನೆಲ್ಲ ಬಾಚಿಕೊಂಡು ಬಂದೆ. ಒಂದು ಅಂಗಡಿಯ ಹೆಂಗಸು ನನ್ನ ಬಾಯಿಯನ್ನೇ ದಿಟ್ಟಿಸಿ, "ಮನೇಲಿ ಎಷ್ಟು ಜನ ಇದೀರಿ?" ಎಂದಳು.

"ಸಾವಿರ ಚಿಲ್ಲರೆ," ಎಂದೆ.

ಯಂತ್ರವನ್ನು ಮತ್ತೆ ಬೆಚ್ಚಗಾಗಿಸಿ ಬಿಚ್ಚಿದೆವು. ರೌನಿ ಪಂಪಿಗೂ ತಟ್ಟೆಗೂ ನಡುವೆ ಇದ್ದ ಗಟ್ಟಿ ತಾಮ್ರವನ್ನು ತೆಗೆಸಿ, ಜಡೆಯಂತೆ ಹೆಣೆದ ಮೆತ್ತನೆಯ ತಾಮ್ರವನ್ನು ಹಾಕಿಸಿದಳು. ಚಳಿ ದಾಟಬೇಕು, ನಡುಕ ದಾಟಬಾರದು. ಉಳಿದದ್ದು ಗಂಟು ಹಾಕುವ ಕೆಲಸ. ನಾವು ಹಾಕಿದ ಗಂಟುಗಳು ನೋಡಲು ಚೆನ್ನಾಗಿದ್ದವು, ಆದರೆ ಬೆರಳಿನಲ್ಲಿ ತಟ್ಟಿದರೆ ಒಂದೆರಡು ಜಾರುತ್ತಿದ್ದವು. ಆರ್ಮಸ್ ಅಂದು ಗುರುವಾರವಲ್ಲದಿದ್ದರೂ ಬಂದಿದ್ದರು. ಕೋಟು ಕಳಚಿ ಕುರ್ಚಿಗೆ ಹಾಕಿ, ಕೈಗವಸು ಕೇಳಿದರು.

"ನಮ್ಮಪ್ಪ ಪುರುವೆಸಿ ಕೆರೇಲಿ ಮೀನು ಹಿಡೀತಿದ್ದ. ಚಳಿಗಾಲದಲ್ಲಿ ಮಂಜಿನ ಕೆಳಗೆ ಬಲೆ ಬಿಡೋದು. ಬಲೆ ಹರಿದ್ರೆ ನಾವು ಮಕ್ಕಳು ಹೊಲೀಬೇಕು. ಗಂಟು ಜಾರಿದ್ರೆ ಬೆನ್ನಿಗೆ ಬೀಳೋದು," ಎಂದು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಲು ಹೋದರು.

"ಹಲ್ಲಿಗೆ ಮುಟ್ಟಿಸಬೇಡ! ಎಂಜಲಾಗುತ್ತೆ!" ಎಂದು ನಾನೂ ರೌನಿಯೂ ಒಟ್ಟಿಗೇ ಕೂಗಿದೆವು.

"ಹಲ್ಲಿನ ದಾರಾನ ಹಲ್ಲಿಗೆ ಮುಟ್ಟಿಸಬಾರದಂತೆ," ಎಂದು ಗೊಣಗಿ, ಅವರು ಬೆರಳಲ್ಲೇ ಕಟ್ಟತೊಡಗಿದರು. ಬೆರಳು ಸ್ವಲ್ಪ ನಡುಗುತ್ತಿದ್ದವು. ಗಂಟು ಮಾತ್ರ ಜಾರಲಿಲ್ಲ. ನಾವೆಲ್ಲ ಅವರಿಂದ ಆ ಗಂಟು ಕಲಿತೆವು. ರೌನಿಗೆ ಅದು ಬೇಗ ಬರಲಿಲ್ಲ; ಅವರು ಅವಳ ಬೆರಳು ಹಿಡಿದು ತಿರುಗಿಸಿ, "ಹಾಗಲ್ಲ ಹುಡುಗಿ, ಹೀಗೆ," ಎಂದು ತೋರಿಸುತ್ತಿದ್ದರೆ, ಆಚೆ ಬೆಂಚಿನಲ್ಲಿ ಕೈಸಾಳೂ ದಾರ ಹಿಡಿದು ಕೂತಿದ್ದಳು. ಒಬ್ಬರೂ ಮನೆಗೆ ಹೋಗುವ ಮಾತೆತ್ತಲಿಲ್ಲ. ಊಟದ ಕೋಣೆಯವರು ಬೆಣ್ಣೆ ಸವರಿದ ರೈ ರೊಟ್ಟಿಯನ್ನು ಬಾಗಿಲಿಗೇ ತಂದಿಟ್ಟು ಹೋದರು.

ಮೂರನೆಯ ಸಲ ಮುಚ್ಚಿ ಇಳಿಸಿದೆವು. ನಲವತ್ತು ಬಂತು. ಸಂಖ್ಯೆ ಅಲ್ಲಿ ನಿಲ್ಲಲೇ ಇಲ್ಲ. ಪರಿಚಯವಿಲ್ಲದ ನಿಲ್ದಾಣವನ್ನು ರೈಲು ದಾಟುವ ಹಾಗೆ ದಾಟಿಹೋಯಿತು. ಇಪ್ಪತ್ತು. ಹನ್ನೆರಡು. ಹತ್ತು. ಒಂಬತ್ತು. ಎಂಟು. ಸಂಜೆಯ ಹೊತ್ತಿಗೆ ಏಳಕ್ಕೆ ಬಂದು ನಿಂತಿತು. ಪಂಪು ಬಿಕ್ಕಳಿಸುತ್ತಲೇ ಇತ್ತು. ಸಾವಿರ ತಂತಿ ಒಂದೂ ಅಲುಗಲಿಲ್ಲ.

ಕೈಸಾ ತನ್ನ ಜನರನ್ನು ಕರೆದು ಚಿಪ್ಪಿಗೆ ಮೊದಲ ಮಾತು ಕಳಿಸಿದಳು. ಅದು ಹೇಳಿದ್ದನ್ನು ಹಿಡಿದುಕೊಂಡಿತು. ಅವಳು ಆಶಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿತು. ಅವಳು ಪರದೆಯ ಮುಂದೆ ಕೂತು ಅಳುತ್ತಿದ್ದಳು. ರೌನಿ ಅವಳ ಪಕ್ಕದಲ್ಲಿ ನಿಂತು, ಏನು ಮಾಡಬೇಕೆಂದು ತಿಳಿಯದೆ, ಅವಳ ಟೊಪ್ಪಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು.

ಸಚಿವಾಲಯದವರು ಬಂದ ದಿನ ಆ ತಜ್ಞನೂ ಬಂದ. ಯಂತ್ರದ ಸುತ್ತ ಒಂದು ಸುತ್ತು ಬಂದ. ಪರದೆಯ ಹತ್ತಿರ ಬಗ್ಗಿ ನೋಡಿದ. ಎಲ್ಲ ತಂತಿಯೂ ಒಳಗಿವೆಯೇ ಎಂದು ಎರಡು ಸಲ ಕೇಳಿದ. ಕೈಸಾ ಅವನಿಗೆ ಏನೋ ಚುಚ್ಚಿ ಹೇಳುತ್ತಾಳೆಂದು ನಾನು ಕಾದಿದ್ದೆ. ಅವಳು "ಹೌದು, ಎಲ್ಲವೂ," ಎಂದಷ್ಟೇ ಹೇಳಿದಳು. ಅವನು ನೆಟ್ಟಗೆ ನಿಂತು, ರೌನಿಯ ಕೈ ಕುಲುಕಿ, "ಇದನ್ನ ಹೇಗೆ ಮಾಡಿದ್ರಿ ಅಂತ ನಮ್ಮ ಹುಡುಗರಿಗೆ ಬಂದು ಹೇಳ್ತೀರಾ?" ಎಂದು ಕೇಳಿದ. ಒಳ್ಳೆಯ ಮನುಷ್ಯನೇ ಇರಬೇಕು.

ಮಂತ್ರಿ ಆರ್ಮಸ್‌ರನ್ನು ಗುರುತಿಸಿ, ಅವರತ್ತ ಬಂದು, "ಹಾಗಾದ್ರೆ ಇದರ ಹಿಂದೆ ನೀನೇ ಇದೀಯ ಅನ್ನು," ಎಂದ.

ಆರ್ಮಸ್ ಕೋಲು ಎತ್ತಿ ರೌನಿಯತ್ತ ತೋರಿಸಿದರು. "ನಾನಲ್ಲ. ಅವಳು. ನನ್ನ ಹತ್ತಿರ ಕಲಿತವಳು. ನಾನು ಬೇಡ ಬೇಡ ಅಂದದ್ದನ್ನೆಲ್ಲ ಮಾಡಿದವಳು." ಕೋಲು ಕೆಳಗೂರಿ, "ಇಂಥವಳನ್ನ ಓದಿಸಿದೆ ಅಂತ ನನಗೆ ಜಂಬ ಇದೆ. ಬರ್ಕೋ ಬೇಕಾದ್ರೆ," ಎಂದರು. ನಮ್ಮ ಜನ ಮಗನ ಮದುವೆಯಲ್ಲೂ ಅಷ್ಟು ಮಾತಾಡುವುದಿಲ್ಲ. ರೌನಿ ಮುಖ ತಿರುಗಿಸಿ, ಸರಿಯಾಗಿಯೇ ಇದ್ದ ತಿರುಪೊಂದನ್ನು ಬಿಗಿಯತೊಡಗಿದಳು. ಅವಳ ಕಿವಿ ಕೆಂಪಾಗಿದ್ದವು.

ಆವತ್ತು ಸಂಜೆ ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತಿದ್ದೆ. ಪಕ್ಕದಲ್ಲೊಬ್ಬ ದಪ್ಪ ಕೋಟಿನ ಅಪರಿಚಿತ. ನಾವು ಬಸ್ಸಿನಲ್ಲಿ ಯಾರನ್ನೂ ಮಾತಾಡಿಸುವವರಲ್ಲ, ಆದರೆ ನನಗೆ ತಡೆದುಕೊಳ್ಳಲಾಗಲಿಲ್ಲ.

"ನಾವು ಏಳಕ್ಕೆ ಮುಟ್ಟಿದ್ವಿ," ಎಂದೆ.

ಅವನು ಬೆಚ್ಚಿ ನನ್ನನ್ನು ನೋಡಿದ. ಆಮೇಲೆ ಮುಖ ಅರಳಿತು. "ಹಾಕೀಲಿ ಏಳು ಗೋಲಾ? ಯಾರ ಮೇಲೆ? ಸ್ವೀಡನ್ನವರ ಮೇಲಾ?"

"ಎಲ್ಲರ ಮೇಲೂ," ಎಂದೆ ನಾನು.

"ಭಲೇ!" ಎಂದ ಅವನು. ಮುಂದಿನ ನಿಲ್ದಾಣದಲ್ಲಿ ಇಳಿಯುವಾಗ ಬಾಗಿಲಿನಿಂದ ಒಮ್ಮೆ ತಿರುಗಿ, ನನಗೆ ಮುಷ್ಟಿ ಎತ್ತಿ ತೋರಿಸಿದ. ನಾನೂ ಎತ್ತಿದೆ.